ಮಿಸ್ತ್ರಿಯ ಕಿವಿ, ನನ್ನ ಬಾಯಿ

ನನಗೆ ಬರುವ ವಿದ್ಯೆ ಒಂದೇ, ಅಣಕಿಸುವುದು. ಟಿಕೋಟಾದಿಂದ ವಿಜಯಪುರಕ್ಕೆ ಹೋಗುವ ಬಸ್ಸಿನ ಕಂಡಕ್ಟರು ಚಿಲ್ಲರೆ ಇಲ್ಲ ಅನ್ನುವಾಗ ಮೂಗಿನಿಂದ ಹೊರಡಿಸುವ ದನಿ, ನಮ್ಮ ಮಾಮಾ ಸುಳ್ಳು ಹೇಳುವ ಮುಂಚೆ ಕೆಮ್ಮುವ ಕೆಮ್ಮು, ಬೀಗರ ಮನೆಯಲ್ಲಿ ನಮ್ಮವ್ವನ ಸಕ್ಕರೆ ಮಾತು ಮತ್ತು ಮನೆಗೆ ಬಂದಮೇಲೆ ಅದೇ ಬೀಗರ ಬಗ್ಗೆ ಆಡುವ ಮಾತು, ಎಲ್ಲ ಬರುತ್ತವೆ. ಡಿಗ್ರಿಯಲ್ಲಿ ಎರಡು ಸಲ ನಪಾಸಾದ ನನ್ನನ್ನೂ ನಾನು ಚೆನ್ನಾಗಿ ಮಾಡುತ್ತೇನೆ: ಮೊಬೈಲನ್ನು ಮಾರು ದೂರ ಹಿಡಿದು, ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ರಿಸಲ್ಟ್ ನೋಡುವುದು. ಇಂಜಿನ್ನುಗಳ ಸದ್ದೂ ಬರುತ್ತದೆ. ಒಬ್ಬರನ್ನು ಮಾತ್ರ ಈಗ ಮಾಡುವುದಿಲ್ಲ. ಮಾಡಿದ್ದು ಒಂದೇ ಒಂದು ಸಲ. ಅವರ ಹೆಸರು ಕೆಡಲು ಅಷ್ಟು ಸಾಕಾಯಿತು.

ಅವರು ಗಾಂಧಿ ಚೌಕದ ಹಿಂದಿನ ಗಲ್ಲಿಯ ಮಿಸ್ತ್ರಿ. ಎಲ್ಲರಿಗೂ ಚಾಚಾ. ಹಳೆಯ ಟೂ ಸ್ಟ್ರೋಕ್ ಗಾಡಿಗಳೆಂದರೆ ಅವರೇ. ಆ ಗಾಡಿಗಳ ಕಾಲ ಮುಗಿದು, ಗಲ್ಲಿಯ ಉಳಿದ ಮಿಸ್ತ್ರಿಗಳೆಲ್ಲ ಹೊಸ ಗಾಡಿ ಕಲಿತು ಹೊಸ ಬೋರ್ಡು ಹಾಕಿಸಿಕೊಂಡರೂ, ಇವರ ಅಂಗಡಿಗೆ ಬೋರ್ಡೇ ಇರಲಿಲ್ಲ. ಇವರ ಕಿವಿಯೇ ಬೋರ್ಡು. ಬೇರೆಯವರು ಇಂಜಿನ್ ಬಿಚ್ಚಿ, ಡಬ್ಬಿಗೆ ಹಾಕಿ, ಆಮೇಲೆ ರೋಗ ಹುಡುಕುತ್ತಾರೆ. ಚಾಚಾ ಗಾಡಿ ಚಾಲೂ ಮಾಡಿಸಿ, ಇಂಜಿನ್ನಿನ ಪಕ್ಕ ಕೂತು, ಗೋಡೆಯ ಕಡೆ ಮುಖ ಮಾಡಿ ಒಂದೆರಡು ನಿಮಿಷ ಏನೋ ಮಾಡಿ, ಎದ್ದು ರೋಗ ಹೇಳುತ್ತಿದ್ದರು. ಬಿಚ್ಚಿದರೆ ಅದೇ ಇರುತ್ತಿತ್ತು. ಗೋಡೆಯ ಕಡೆ ತಿರುಗಿ ಏನು ಮಾಡುತ್ತಾರೆ ಅನ್ನುವುದು ಯಾರಿಗೂ ಗೊತ್ತಿರಲಿಲ್ಲ. ದುವಾ ಓದುತ್ತಾರೆ ಅನ್ನುವವರೂ ಇದ್ದರು. "ಚಾಚಾನ ಕಿವಿ" ಅಂದರೆ ಸಾಕಿತ್ತು. ಆ ಒಂದು ಮಾತಿನ ಮೇಲೆ ಅವರ ಅಂಗಡಿಯ ಬಾಗಿಲು ತೆರೆಯುತ್ತಿತ್ತು.

ನನ್ನನ್ನು ಅವರ ಹತ್ತಿರ ಒಯ್ದದ್ದು ಒಂದು ಕ್ವಾಡ್ ಬೈಕು. ಬಬಲೇಶ್ವರದಲ್ಲಿರುವ ನಮ್ಮ ಮಾಮಾ, ಅಂದರೆ ಅವ್ವನ ತಮ್ಮ, ಮಹಾರಾಷ್ಟ್ರದ ಕಡೆ ಎಲ್ಲೋ ಮುಚ್ಚಿಹೋದ ಒಂದು ರೆಸಾರ್ಟಿನಿಂದ ಅದನ್ನು ಟೆಂಪೋದಲ್ಲಿ ಹೇರಿಕೊಂಡು ಬಂದಿದ್ದ. ತನ್ನ ಮನೆಯ ಅಂಗಳದಲ್ಲಿ ಇಳಿಸಲು ಹೆಂಡತಿ ಬಿಡಲಿಲ್ಲವಾದ್ದರಿಂದ ಟಿಕೋಟಾದ ನಮ್ಮ ದ್ರಾಕ್ಷಿ ತೋಟಕ್ಕೆ ತಂದು ಇಳಿಸಿದ. ಮುಂದೆ ಎರಡು ಸಣ್ಣ ಗಾಲಿ, ಹಿಂದೆ ಎರಡು ಉಬ್ಬಿದ ಗಾಲಿ, ನಡುವೆ ಚೇಳಿನ ಹಾಗೆ ಬಾಲ ಎತ್ತಿದ ಸೀಟು.

"ಏನೋ ಇದು?" ಅಂದಳು ಅವ್ವ.

"ಸ್ಪೋರ್ಟ್ಸ್ ಗಾಡಿ ಐತಿ ಅಕ್ಕಾ. ದ್ರಾಕ್ಷಿಗಿ ಔಷಧ ಹೊಡಿಯಾಕ ಭಾಳ ಚಲೋ ಆಕ್ಕೈತಿ." ಮಾಮಾ ಮೊದಲು ಕೆಮ್ಮಿದ್ದ.

"ಬಾಗಲಿಲ್ಲ, ಮ್ಯಾಲ ಛತ್ತಿಲ್ಲ. ಮತ್ತ ನಾಕ ಗಾಲಿ ಎದಕ ಇದಕ್ಕ? ಎಷ್ಟ ಮಂದಿ ಕೂಡತಾರು?"

"ಒಬ್ರ."

"ಒಬ್ಬಾಂವಗ ನಾಕ ಗಾಲಿ! ನಿನ್ನ ತಲಿ ಒಳಗ ಎಷ್ಟ ಗಾಲಿ ಅದಾವು ತಮ್ಮಾ?"

ಔಷಧದ ಟ್ಯಾಂಕು ಎಳೆಯುವುದು ದೂರದ ಮಾತಾಯಿತು, ಅದು ತನ್ನನ್ನೇ ತಾನು ಎಳೆಯುತ್ತಿರಲಿಲ್ಲ. ತಣ್ಣಗಿದ್ದಾಗ ಒಂದೇ ಕಿಕ್ಕಿಗೆ ಚಾಲೂ ಆಗುತ್ತಿತ್ತು. ಹೆಬ್ಬೆರಳಿನಿಂದ ರೇಸ್ ಒತ್ತಿದರೆ ಹಾರುತ್ತಿತ್ತು. ಆದರೆ ಬೆರಳು ಬಿಟ್ಟ ಮೇಲೂ ಸದ್ದು ಇಳಿಯುತ್ತಿರಲಿಲ್ಲ. ಯಾರೂ ರೇಸ್ ಕೊಡದೆಯೇ ತಾನಾಗಿ ಚೀರುತ್ತ ನಿಲ್ಲುತ್ತಿತ್ತು. ಹತ್ತು ನಿಮಿಷಕ್ಕೆ ಕಾದು ಕೆಂಪಾಗಿ ಬಂದ್ ಬೀಳುತ್ತಿತ್ತು. ಆರಿದ ಮೇಲೆ ಮತ್ತೆ ಏನೂ ಆಗಿಯೇ ಇಲ್ಲವೆಂಬಂತೆ ಚಾಲೂ.

"ಅಳಿಯಾ, ನೀ ರಿಪೇರಿ ಮಾಡು. ಮೊಬೈಲ್‌ನ್ಯಾಗ ಎಲ್ಲಾ ತೋರಸ್ತಾರಲ್ಲ," ಅಂದ ಮಾಮಾ.

ನಮ್ಮ ಒಣದ್ರಾಕ್ಷಿ ಶೆಡ್ಡು ಆಗ ಖಾಲಿ ಇತ್ತು. ಅದಕ್ಕೆ ಗೋಡೆಗಳಿಲ್ಲ. ಗಾಳಿ ಆಡಲೆಂದು ಸುತ್ತಲೂ ತೆರೆದಿರುತ್ತದೆ, ಒಳಗೆ ಅಂತಸ್ತು ಅಂತಸ್ತಾಗಿ ಜಾಳಿಗೆ ಕಟ್ಟಿರುತ್ತೇವೆ. ಆ ಜಾಳಿಗೆಯ ಕೆಳಗೆ ಗಾಡಿ ನಿಲ್ಲಿಸಿ ನಾನು ಡಾಕ್ಟರಾದೆ. ಕಾರ್ಬೊರೇಟರ್ ಮೂರು ಸಲ ಬಿಚ್ಚಿ ತೊಳೆದೆ. ಮೂರನೆಯ ಸಲ ಜೋಡಿಸಿದ ಮೇಲೆ ಒಂದು ಸಣ್ಣ ಸ್ಪ್ರಿಂಗ್ ಉಳಿಯಿತು. ಎಲ್ಲಿಯದೆಂದು ತಿಳಿಯದೆ ಜೇಬಿಗೆ ಹಾಕಿಕೊಂಡು ನಾಲ್ಕನೆಯ ಸಲ ಬಿಚ್ಚಿದೆ. ಪ್ಲಗ್ ಬದಲಿಸಿದೆ. ಟೂ ಸ್ಟ್ರೋಕ್ ಗಾಡಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕಲ್ಲ, ಕಾಯುತ್ತಿದೆ ಅಂದರೆ ಆಯಿಲ್ ಕಡಿಮೆಯಾಗಿದೆ ಎಂದು ತಿಳಿದು, ಔಷಧ ಹೊಡೆಯುವ ಪಂಪಿನ ಆಯಿಲ್ ಕ್ಯಾನಿನಿಂದ ಇನ್ನಷ್ಟು ಸುರಿದೆ. ಹೊಗೆ ಎಷ್ಟು ಬಂತೆಂದರೆ ಪಕ್ಕದ ತೋಟದವರು ಬೆಂಕಿ ಹತ್ತಿದೆಯೆಂದು ಕೊಡ ಹಿಡಿದು ಓಡಿಬಂದರು. ಗಾಡಿ ಮೊದಲಿಗಿಂತ ಬೇಗ ಕಾದು ನಿಂತಿತು.

ಹದಿನೈದು ದಿನ ಹೀಗೆ ಕಳೆದ ಮೇಲೆ ಬಸ್ಸು ಹತ್ತಿ ಚಾಚಾನ ಹತ್ತಿರ ಹೋದೆ. ಗಾಡಿ ತಂದಿರಲಿಲ್ಲ, ಬಾಯಿ ತಂದಿದ್ದೆ. ಅಂಗಡಿಯ ಮುಂದೆ ನಿಂತು ಪೂರ್ತಿ ಗಾಡಿಯನ್ನು ಮಾಡಿ ತೋರಿಸಿದೆ: ಕಿಕ್ಕು, ಏರುವ ಸದ್ದು, ಬೆರಳು ಬಿಟ್ಟ ಮೇಲೂ ಇಳಿಯದ ಚೀತ್ಕಾರ, ಕಡೆಗೆ ಉಸಿರು ಹಿಡಿದು ಬಂದ್ ಬೀಳುವುದು. ಚಾಚಾ ನನ್ನ ಮುಖದಿಂದ ಕಣ್ಣು ಕೀಳಲಿಲ್ಲ. ನನ್ನ ಕಲೆಗೆ ಇಷ್ಟು ಮರ್ಯಾದೆ ಕೊಟ್ಟವರನ್ನು ನಾನು ಕಂಡಿರಲಿಲ್ಲ.

"ಕೈ ತೋರಸು," ಅಂದರು. "ಬಟ್ಟು ಯಾವಾಗ ಬಿಟ್ಟಿ? ಸದ್ದ ಯಾವಾಗ ಇಳೀತು? ಕೈಲೆ ತೋರಸು."

ಕೈಯಿಂದ ಏರಿಳಿತ ತೋರಿಸಿದೆ. "ಗಾಳಿ ಕಳವು ಆಗಾಕತ್ತೈತಿ," ಅಂದರು. "ಶುಕ್ರವಾರ ನಮಾಜ್ ಮುಗಿಸಿ ಬರ್ತೀನಿ. ಅಲ್ಲೀತನಾ ಏನೂ ಬಿಚ್ಚಬ್ಯಾಡ. ಬಿಚ್ಚಿದ್ರ ಕೈ ಮುರೀತೀನಿ."

ಶುಕ್ರವಾರ ಬಂದರು. ಎಡಗೈಯಲ್ಲಿ ಚೀಲ, ಚೀಲದಲ್ಲಿ ಕಟ್ಟಿಗೆ ಹಿಡಿಕೆಯ ಉದ್ದನೆಯ ಸ್ಕ್ರೂಡ್ರೈವರು. ಶೆಡ್ಡನ್ನು ಸುತ್ತಲೂ ನೋಡಿದರು. ಗೋಡೆ ಹುಡುಕುತ್ತಿದ್ದರೆಂದು ಈಗ ಅನ್ನಿಸುತ್ತದೆ.

"ಅವ್ವ ಎಲ್ಲಿ ಅದಾಳ? ಮತ್ತ ಯಾರರ ಬರ್ತಾರೇನು?"

"ಯಾರೂ ಇಲ್ರಿ ಚಾಚಾ. ನಾನೂ ನೀವೂ."

"ಚಾಲೂ ಮಾಡು."

ಗಾಡಿ ಚೀರತೊಡಗಿತು. ಚಾಚಾ ಮಂಡಿಯೂರಿ ಕೂತರು. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿನ ಹೊಟ್ಟೆಗೆ ಹಚ್ಚಿದರು, ಹಿಡಿಕೆಯನ್ನು ಹಲ್ಲಿನಿಂದ ಕಚ್ಚಿದರು. ಕಣ್ಣು ಮುಚ್ಚಿದರು. ಖಾಲಿ ಇದ್ದ ಎಡಗೈ ಗಾಳಿಯಲ್ಲಿ ಮೇಲೆದ್ದಿತು, ಬೆರಳುಗಳು ಒಂದೊಂದಾಗಿ ಅಲುಗಿದವು. ಬಾಯಿ ಮುಚ್ಚಲಾಗದೆ ಒಂದು ಎಳೆ ಜೊಲ್ಲು ಗಡ್ಡಕ್ಕಿಳಿಯಿತು. ತುದಿಯನ್ನು ಬಲಕ್ಕೆ ಸರಿಸಿದರು, ಎಡಕ್ಕೆ ಸರಿಸಿದರು, ಅಲ್ಲಿ ನಿಂತರು. ತಲೆ ಆಡಿಸಿದರು. ಅಷ್ಟರಲ್ಲಿ ಅವ್ವ ದೂರದಿಂದ "ಚಹಾ ತಗೋರಿ" ಎಂದು ನಾಲ್ಕು ಸಲ ಕೂಗಿದಳು. ಚಾಚಾ ತಿರುಗಲೇ ಇಲ್ಲ. ಗಾಡಿ ಬಂದ್ ಮಾಡಿದ ಮೇಲೆ ಅವಳು ಐದನೆಯ ಸಲ ಕೂಗಿದಾಗಲೂ ತಿರುಗಲಿಲ್ಲ. ಕೆಲಸದಲ್ಲಿ ಎಂಥ ಮುಳುಗು ಎಂದುಕೊಂಡೆ. ಇದನ್ನು ಮಾಡಿ ತೋರಿಸಬೇಕು, ಹೇಗೆ ಮಾಡಬೇಕು ಎಂದು ಆಗಲೇ ಲೆಕ್ಕ ಹಾಕಿದ್ದೆ.

"ಮ್ಯಾಗ್ನೆಟ್ ಕಡೆ," ಅಂದರು ಗಡ್ಡ ಒರೆಸಿಕೊಳ್ಳುತ್ತ. "ಆದ್ರ ನನ್ನ ಮಾತ ನಂಬಬ್ಯಾಡ. ಕಣ್ಣೀಲೆ ನೋಡು."

ಟ್ರ್ಯಾಕ್ಟರಿನ ಹಳೆಯ ಟ್ಯೂಬು ಕತ್ತರಿಸಿ, ಇಂಜಿನ್ನಿಗೆ ಗಾಳಿ ಒಳಹೋಗುವ ತೂತನ್ನೂ ಹೊಗೆ ಹೊರಬರುವ ತೂತನ್ನೂ ಬಿಗಿಯಾಗಿ ಮುಚ್ಚಿಸಿದರು. ಒಂದು ತುಂಡಿನಲ್ಲಿ ಸೈಕಲ್ಲಿನ ವಾಲ್ವು ಇತ್ತು. ಇಂಜಿನ್ನಿನ ಎಡಬದಿಗೆ ತಿರುಗುವ ಮ್ಯಾಗ್ನೆಟ್ಟಿನ ಚಕ್ರ ತೆಗೆದು, ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ತುಂಬಲು ಹೇಳಿದರು. ಅವ್ವನ ಹತ್ತಿರ ಸಾಬೂನು ಬೇಡಿ, ನೊರೆ ಮಾಡಿ, ಕೋಳಿಯ ಪುಕ್ಕದಿಂದ ಎಲ್ಲ ಕಡೆ ಬಳಿದರು. ಎಲ್ಲ ಕಡೆ ನೊರೆ ಸುಮ್ಮನಿತ್ತು. ಆ ಚಕ್ರದ ಹಿಂದೆ, ಕ್ರ್ಯಾಂಕ್ ಎಂಬ ತಿರುಗುವ ದಂಡ ಹೊರಗೆ ಬರುವ ಕಡೆ, ಅದರ ಸುತ್ತಲಿನ ರಬ್ಬರ್ ಸೀಲಿನ ಅಂಚಿನಿಂದ ಮಾತ್ರ ಒಂದರ ಹಿಂದೊಂದು ಗುಳ್ಳೆ ಎದ್ದವು.

"ನೋಡು. ಇಲ್ಲಿಂದ ಹೊರಗಿನ ಗಾಳಿ ಕದ್ದು ಒಳಗ ಹೊಂಟೈತಿ. ಗಾಳಿ ಹೆಚ್ಚು, ಪೆಟ್ರೋಲ್ ಕಡಿಮಿ. ಅದಕ್ಕ ಚೀರತೈತಿ, ಅದಕ್ಕ ಕಾಯತೈತಿ. ನೀ ಆಯಿಲ್ ಹೆಚ್ಚ ಹಾಕಿದಿ, ಅಂದ್ರ ಪೆಟ್ರೋಲ್ ಇನ್ನಷ್ಟ ಕಡಿಮಿ ಮಾಡಿದಿ. ಇನ್ನೆರಡ ದಿನ ಓಡಿಸಿದ್ರ ಪಿಸ್ಟನ್ ಹಿಡಕೊಂಡು ಕುಂದರತಿತ್ತು."

"ಅಂದ್ರ ನಾನ ಕೊಲ್ಲಾಕತ್ತಿದ್ದೆನ್ರಿ?"

"ಪ್ರೀತೀಲೆ."

ಸೀಲಿನ ಅಳತೆ ಹಿಡಿದುಕೊಂಡು ಗಾಂಧಿ ಚೌಕದ ಬೇರಿಂಗ್ ಅಂಗಡಿಗೆ ಹೋದೆ. ಯಾವುದೋ ನೀರಿನ ಪಂಪಿನ ಸೀಲು ಸರಿಯಾಗಿ ಕೂತಿತು. ಮುಂದಿನ ಶುಕ್ರವಾರ ಚಾಚಾ ಬಂದು, ಅದನ್ನು ನನ್ನ ಕೈಯಿಂದಲೇ ಕೂರಿಸಿದರು. ಬೆರಳು ಬಿಟ್ಟೊಡನೆ ಸದ್ದು ಇಳಿಯಿತು. ಮನೆಯೊಳಗೆ ಹೊಕ್ಕ ಗಂಡಸಿನ ಹಾಗೆ ಇಳಿಯಿತು ಅಂದಳು ಅವ್ವ. ಚಾಚಾ ಟ್ಯಾಂಕಿನ ಮೇಲೆ ಅಂಗೈ ಇಟ್ಟು ನಿಂತಿದ್ದರು, ಅದೇ ಅಂಗೈಯಿಂದ ನನ್ನ ಬೆನ್ನು ತಟ್ಟಿದರು. ಶೇಂಗಾ ಹಿಂಡಿ, ರೊಟ್ಟಿ ತಿಂದು ಸಂಜೆಯ ಬಸ್ಸಿಗೆ ಹೋದರು.

ಮಾಮಾ ಮುಂದಿನ ಸಂತೆಯ ದಿನ ಗಾಡಿಯನ್ನು ಬಬಲೇಶ್ವರಕ್ಕೆ ತರಿಸಿದ. ಊರಿಗೆ ತೋರಿಸಬೇಕಿತ್ತಲ್ಲ. ಸಂತೆಯ ಬಾಯಿಯಲ್ಲಿ ಒಂದು ಚಹಾದಂಗಡಿ ಇದೆ. ಅಲ್ಲಿ ನನಗೆ ಚಹಾ ಪುಕ್ಕಟೆ, ಯಾಕೆಂದರೆ ನಾನು ಹೋದರೆ ಜನ ಕೂಡುತ್ತಾರೆ. ಅವತ್ತು ಗಾಡಿಯೂ ಇತ್ತು, ಜನ ಇಮ್ಮಡಿ.

"ಯಾರ ರಿಪೇರಿ ಮಾಡಿದ್ರಲೇ?"

"ಗಾಂಧಿ ಚೌಕದ ಚಾಚಾ."

"ಹೆಂಗ ಮಾಡ್ತಾನ ಅಂವ? ಮಾರಿ ಗ್ವಾಡಿ ಕಡೆ ಮಾಡಿ ಏನೋ ಮಂತ್ರ ಹಾಕ್ತಾನಂತಲ್ಲ?"

ಆ ಪ್ರಶ್ನೆಗೆ ಉತ್ತರ ಇಡೀ ಜಿಲ್ಲೆಯಲ್ಲಿ ನನ್ನೊಬ್ಬನ ಹತ್ತಿರ ಇತ್ತು. ಇಟ್ಟುಕೊಳ್ಳುವ ಶಕ್ತಿ ನನಗಿರಲಿಲ್ಲ. ಚಹಾ ಸೋಸುವ ಜರಡಿಯ ಉದ್ದನೆಯ ಹಿಡಿಕೆಯನ್ನು ಕಚ್ಚಿದೆ, ಇನ್ನೊಂದು ತುದಿಯನ್ನು ಇಂಜಿನ್ನಿಗೆ ಹಚ್ಚಿದೆ. ಕಣ್ಣು ಮುಚ್ಚಿದೆ. ಎಡಗೈ ಎತ್ತಿ ಬೆರಳು ಅಲುಗಿಸಿದೆ. ಜೊಲ್ಲೂ ಬಂತು, ತರಿಸಿದೆ. ಚಹಾದಂಗಡಿಯವನು ನನ್ನ ಹಿಂದೆ ನಿಂತು ಅವ್ವನ ದನಿಯಲ್ಲಿ ಐದು ಸಲ ಕೂಗಬೇಕೆಂದು ಜರಡಿ ಇಸಿದುಕೊಳ್ಳುವಾಗಲೇ ಹೇಳಿಕೊಟ್ಟಿದ್ದೆ. ಅವನು ಕೂಗಿದ. ನಾನು ತಿರುಗಲಿಲ್ಲ. ಜನ ಬಿದ್ದು ಬಿದ್ದು ನಕ್ಕರು. ಯಾರೋ ಮೊಬೈಲ್ ಎತ್ತಿದ್ದು ಕಂಡಿತು. ಬೆಳಕಿನ ಕಡೆ ಸ್ವಲ್ಪ ತಿರುಗಿಕೊಂಡೆ.

ಒಬ್ಬರು ಮಾತ್ರ ನಗಲಿಲ್ಲ. ಮೋಟರ್ ವೈಂಡಿಂಗ್ ಮಾಡುವ ಹಿರಿಯರು, ಬಾಗಿಲ ಹತ್ತಿರ ಕೂತಿದ್ದರು.

"ಅಂವಗ ಕಿವಿ ಕೇಳಂಗಿಲ್ಲಲ್ಲೋ," ಅಂದರು.

"ಯಾರಿಗ್ರಿ?"

"ನೀ ಈಗ ಮಾಡಿದಿಯಲ್ಲ, ಅಂವಗ. ನಮ್ಮಪ್ಪ ಕಡೀ ಕಾಲಕ್ಕ ಹಿಂಗ ಇದ್ದ. ರೇಡಿಯೋಕ್ಕ ದವಡಿ ಹಚ್ಚಿ ಕೂಡ್ತಿದ್ದ. ಕಿವಿ ಹೋದ್ರೂ ಸದ್ದ ಎಲಬಿನ್ಯಾಗಿಂದ ಒಳಗ ಹೋಗತೈತಿ. ಹಲ್ಲೀಲೆ ಕೇಳಾಕತ್ತಾನಂವ."

ಆಮೇಲೆ ಎದ್ದ ನಗು ಮೊದಲಿನದಕ್ಕಿಂತ ದೊಡ್ಡದು.

"ಕಿವುಡ ಮಿಸ್ತ್ರಿ! ಇಷ್ಟ ದಿನಾ ಕಿವುಡನ ಕಿವಿಗಿ ಸಲಾಮ್ ಹೊಡದೇವಲ್ಲೋ!"

ನನಗೆ ಚಾಚಾನ ಪ್ರತಿಯೊಂದು ಬೆರಳೂ ಬಾಯಿಪಾಠವಾಗಿತ್ತು. ನೋಡಿದ್ದೆಲ್ಲವನ್ನೂ ನೋಡಿದ್ದೆ, ತಿಳಿದಿರಲಿಲ್ಲ. ಅಂಗಡಿಯಲ್ಲಿ ನನ್ನ ಬಾಯಿಯಿಂದ ಕಣ್ಣು ಕೀಳದೆ ಕೂತಿದ್ದು, ಕೈಯಿಂದ ತೋರಿಸು ಅಂದದ್ದು, ನೊರೆಯ ಗುಳ್ಳೆಯನ್ನೇ ನಂಬಿದ್ದು, ಟ್ಯಾಂಕಿನ ಮೇಲೆ ಅಂಗೈ ಇಟ್ಟಿದ್ದು ಎಲ್ಲವೂ ಅವತ್ತು ಜರಡಿಯ ಹಿಡಿಕೆ ಬಾಯಲ್ಲಿದ್ದಾಗ ಅರ್ಥವಾಯಿತು. ನನ್ನ ಅಣಕು ಅಷ್ಟು ಸರಿಯಾಗಿತ್ತು. ಸ್ವಲ್ಪ ಕೆಟ್ಟದಾಗಿ ಮಾಡಿದ್ದರೂ ಅವರು ಉಳಿಯುತ್ತಿದ್ದರು.

ತಡೆಯಬಹುದಿತ್ತು. ಮೊಬೈಲ್ ಹಿಡಿದವನಿಗೆ "ಅಳಿಸಿ ಹಾಕು" ಅನ್ನಬಹುದಿತ್ತು. ನಾನು ಕೇಳಿದ್ದು "ನನಗೂ ಕಳಸು" ಎಂದು.

ವಿಡಿಯೋ ಬಬಲೇಶ್ವರದಿಂದ ಟಿಕೋಟಾಕ್ಕೆ, ಟಿಕೋಟಾದಿಂದ ವಿಜಯಪುರಕ್ಕೆ ನನ್ನ ಬಸ್ಸಿಗಿಂತ ಬೇಗ ಹೋಯಿತು. ಆಮೇಲಿನದನ್ನು ಬೇರಿಂಗ್ ಅಂಗಡಿಯವರು ಹೇಳಿದರು. ಹುಡುಗರು ಚಾಚಾನ ಬೆನ್ನ ಹಿಂದೆ ನಿಂತು "ಚಾಚಾ, ಮನಿಗಿ ಬೆಂಕಿ ಹತ್ತೈತಿ" ಎಂದು ಕೂಗಿ, ತಿರುಗುತ್ತಾರೋ ಇಲ್ಲವೋ ಎಂದು ನೋಡುತ್ತಿದ್ದರಂತೆ. ಇಪ್ಪತ್ತು ವರ್ಷದಿಂದ ಗಾಡಿ ತರುತ್ತಿದ್ದವರೂ ಬರುವುದನ್ನು ಬಿಟ್ಟರು. ಹಿಂದೆ ಅವರು ಸರಿ ಮಾಡಿದ್ದೆಲ್ಲ ಸರಿಯಾಗಿಯೇ ಓಡುತ್ತಿತ್ತು. ಆದರೂ ಬಿಟ್ಟರು. ನಮ್ಮ ಮಾಮಾ, ಕ್ವಾಡಿನ ಮೇಲೆ ಊರೆಲ್ಲ ಮೆರೆಯುತ್ತಿದ್ದವನು, ಅದೇ ಕ್ವಾಡಿನ ಮೇಲೆ ಕೂತು ನನಗೆ ಹೇಳಿದ: "ಮುಂದ ಏನರ ಆದ್ರ ಬ್ಯಾರೆ ಮಿಸ್ತ್ರಿ ನೋಡು ಅಳಿಯಾ. ಕಿವುಡಗ ಏನ ತಿಳೀತೈತಿ?" ಈ ಸಲ ಕೆಮ್ಮಲೂ ಇಲ್ಲ.

ಒಂದು ತಿಂಗಳು ಗಾಂಧಿ ಚೌಕದ ಕಡೆ ಹೋಗಲಿಲ್ಲ. ಹೋದಾಗ ಚಾಚಾ ಒಬ್ಬರೇ ಇದ್ದರು, ಕೆಲಸ ಇರಲಿಲ್ಲ, ಸ್ವಚ್ಛವಾಗಿಯೇ ಇದ್ದ ಪಾನಾ, ಸ್ಪ್ಯಾನರುಗಳನ್ನು ಒರೆಸುತ್ತಿದ್ದರು. ನಾನು ನೆಲ ನೋಡುತ್ತ, ಬಸ್ಸಿನಲ್ಲಿ ಕಲಿತುಕೊಂಡು ಬಂದಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ.

"ಮಾರಿ ಎತ್ತಿ ಹೇಳು," ಅಂದರು. "ಕೆಳಗ ನೋಡಿ ಅಂದ್ರ ನನಗ ಹೆಂಗ ತಿಳೀಬೇಕು?"

ಮುಖ ಎತ್ತಿದೆ. ಅವರ ಕಣ್ಣು ನನ್ನ ತುಟಿಯ ಮೇಲಿತ್ತು. ಕಲಿತದ್ದೆಲ್ಲ ಮರೆತುಹೋಯಿತು. "ತಪ್ಪಾತ್ರಿ ಚಾಚಾ" ಅಂದೆ.

"ನೋಡಿದೆ ನಾನೂ. ಸೊಸಿ ತೋರಿಸಿದ್ಲು. ಚಲೋ ಮಾಡೀದಿ. ನಾ ಹಂಗ ಕಾಣ್ತೀನಂತ ನನಗ ಗೊತ್ತಿರಲಿಲ್ಲ." ಪಾನಾ ಕೆಳಗಿಟ್ಟರು. "ಈ ಗಾಡಿಗೋಳ ಸದ್ದ ಕಿವಿ ತಿಂದ ಹಾಕೇತಿ ಬೇಟಾ. ಆರ ವರ್ಷ ಆತು. ನನ್ನ ಮಗನ ಮುಂದನೂ ಹಲ್ಲ ಹಚ್ಚಿ ಕೇಳಿದ್ದಿಲ್ಲ. ನಿನ್ನ ಮುಂದ ಕೇಳಿದೆ. ಗಾಡಿ ಸದ್ದ ಅಷ್ಟ ಚಲೋ ಮಾಡಾಂವ, ಇಂವಗ ತಿಳೀತೈತಿ ಅನಕೊಂಡೆ."

ಆಗ ಭೂತನಾಳದ ಕಡೆಯಿಂದ ಒಬ್ಬ ರೈತ ಹಳೆಯ ಟೂ ಸ್ಟ್ರೋಕ್ ಗಾಡಿ ತಂದ. ಎರಡೂ ಕಡೆ ಹಾಲಿನ ಕ್ಯಾನು. ಅವನ ಹತ್ತಿರ ಆ ವಿಡಿಯೋ ನೋಡುವಂಥ ಮೊಬೈಲ್ ಇರಲಿಲ್ಲವೆಂದು ತೋರುತ್ತದೆ. "ಚಾಚಾ, ನಿಮ್ಮ ಕಿವೀಲೆ ಸ್ವಲ್ಪ ಕೇಳ್ರಿ ಇದನ್ನ," ಅಂದ. ಎದುರಿನ ಕಟ್ಟೆಯ ಮೇಲೆ ಕೂತಿದ್ದ ಇಬ್ಬರು ಎದ್ದು ಮೊಬೈಲ್ ತೆಗೆದರು.

ಗಾಡಿ ಚಾಲೂ ಆಯಿತು. ಚಾಚಾ ಸ್ಕ್ರೂಡ್ರೈವರು ಎತ್ತಿಕೊಂಡರು. ಗೋಡೆಯ ಕಡೆ ತಿರುಗಿದರೆ ಇನ್ನೇನೂ ಮುಚ್ಚಿದಂತಾಗುತ್ತಿರಲಿಲ್ಲ. ಕೈ ಬಾಯಿಯ ತನಕ ಹೋಯಿತು. ಮೊಬೈಲುಗಳನ್ನು ಕಂಡರು. ಕೈ ಅಲ್ಲಿಂದ ಬದಿಗೆ ಸರಿದು, ಹಿಡಿಕೆ ಕಿವಿಗೆ ಹತ್ತಿತು. ಎಲ್ಲ ಮಿಸ್ತ್ರಿಗಳು ಹಚ್ಚುವ ಹಾಗೆ. ಆ ಕಿವಿಗೆ ಏನೂ ಹೋಗುತ್ತಿರಲಿಲ್ಲ. ಆದರೂ ಎರಡು ನಿಮಿಷ ಹಾಗೆಯೇ ಹಿಡಿದಿದ್ದರು. ಅಣಕಿಸುವವನಾಗಿ ಹೇಳುತ್ತೇನೆ, ಕೇಳುವವನ ವೇಷ ಅವರಿಗೆ ಸ್ವಲ್ಪವೂ ಬರುತ್ತಿರಲಿಲ್ಲ.

"ಕಾರ್ಬೊರೇಟರ್," ಅಂದರು.

ಕಾರ್ಬೊರೇಟರ್ ಅಲ್ಲ. ಪಿಸ್ಟನ್ನಿನ ಕೆಳಗಿನ ಬೇರಿಂಗ್ ಸವೆದು ಒಳಗೆ ಕಟಕಟ ಅನ್ನುತ್ತಿತ್ತು. ನನ್ನಂಥವನಿಗೂ ಕೇಳುತ್ತಿತ್ತು. ಹಾಗೆಯೇ ಓಡಿಸಿದರೆ ಒಂದು ದಿನ ಹಾಲಿನ ಸಮೇತ ರಸ್ತೆಯಲ್ಲಿ ಹಿಡಿದುಕೊಳ್ಳುತ್ತಿತ್ತು. ಚಾಚಾ ನನ್ನ ಕಡೆ ತಿರುಗಿದರು.

"ಏನಂತಿ? ಕಾರ್ಬೊರೇಟರ್ ಹೌದಲ್ಲೋ?"

ಅಲ್ಲ ಅಂದರೆ ಆ ರೈತನ ಎದುರು, ಆ ಮೊಬೈಲುಗಳ ಎದುರು ಅವರ ಕಿವಿಯನ್ನು ಎರಡನೆಯ ಸಲ ಕಿತ್ತಂತೆ. ಮುಖ ಎತ್ತಿ, ತುಟಿ ಸ್ಪಷ್ಟವಾಗಿ ಆಡಿಸಿ, "ಹೌದ್ರಿ ಚಾಚಾ, ಕಾರ್ಬೊರೇಟರ್" ಅಂದೆ. ಯಾರ ದನಿ ಬೇಕಾದರೂ ತೆಗೆಯಬಲ್ಲವನು ನಾನು. ಇದಕ್ಕಿಂತ ಚೆನ್ನಾಗಿ ಎಂದೂ ತೆಗೆದಿರಲಿಲ್ಲ.

ಅವರಿಗೆ ದನಿ ಕೇಳುತ್ತಿರಲಿಲ್ಲವಲ್ಲ. ಮುಖ ನೋಡಿದರು, ಸ್ವಲ್ಪ ಹೊತ್ತು ನೋಡಿದರು. ಆರು ವರ್ಷ ಜನರ ಮುಖದಲ್ಲೇ ಮಾತು ಹುಡುಕಿದ ಮನುಷ್ಯ.

"ಗಾಡಿ ಒಯ್ರಿ," ಅಂದರು ರೈತನಿಗೆ.

"ಯಾಕ್ರಿ ಚಾಚಾ? ಈಗ ಕಾರ್ಬೊರೇಟರ್ ಅಂದ್ರೆಲ್ಲ."

"ನನಗ ಕಿವಿ ಕೇಳಂಗಿಲ್ರಿ. ಬ್ಯಾರೆ ಕಡೆ ತೋರಸ್ರಿ."

ನಾನಿರುವ ಕಡೆ ಇನ್ನೊಮ್ಮೆ ನೋಡಲಿಲ್ಲ, ನೋಡದಿದ್ದರೆ ನಾನು ಏನು ಹೇಳಿದರೂ ಮುಟ್ಟುವಂತಿರಲಿಲ್ಲ. ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿ, ಮಧ್ಯಾಹ್ನವೇ ಶಟರ್ ಎಳೆಯತೊಡಗಿದರು. ರೈತ ಗೊಣಗುತ್ತ ಗಾಡಿ ತಳ್ಳಿಕೊಂಡು ಗಲ್ಲಿಗೆ ಇಳಿದ. ಅವನ ಹಿಂದೆಯೇ ನಾನೂ ಇಳಿದೆ.

"ತಮ್ಮಾ, ಇಲ್ಲಿ ಮತ್ಯಾವ ಮಿಸ್ತ್ರಿ ಅದಾನ ಚಲೋದು?" ಎಂದು ಕೇಳಿದ.

ಹೇಳಿದೆ. ಎಡಕ್ಕೆ ತಿರುಗಿ ಮೂರನೆಯ ಅಂಗಡಿ, ಬೋರ್ಡು ಇದೆ.